ನಕ್ಷೆಯ ಮೇಜಿನಿಂದ ಉಳಿ ಸುತ್ತಿಗೆಗೆ

ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿಯ ಲಕ್ಷ್ಮೀನರಸಿಂಹ ದೇವಾಲಯಕ್ಕೆ ಹೋದವರು ಸಾಮಾನ್ಯವಾಗಿ ಹೊರಗೋಡೆಯ ವಿಗ್ರಹಗಳ ಮುಖ, ಕಿರೀಟ, ಒಡವೆಗಳನ್ನು ನೋಡಿ ಮುಂದೆ ಸಾಗುತ್ತಾರೆ. ಸ್ವಲ್ಪ ಬಾಗಿ ಪಾದಪೀಠದ ಅಂಚನ್ನು ನೋಡಿದವರಿಗೆ ಅಲ್ಲಲ್ಲಿ ಹೊಯ್ಸಳ ಕಾಲದ ಕನ್ನಡ ಅಕ್ಷರಗಳು ಕಾಣುತ್ತವೆ. ಅವು ದೇವರ ಹೆಸರಲ್ಲ, ಗುಡಿ ಕಟ್ಟಿಸಿದವನ ಹೆಸರೂ ಅಲ್ಲ, ಕೆತ್ತಿದವರ ಹೆಸರು. ಹೊಯ್ಸಳ ದೊರೆ ಸೋಮೇಶ್ವರನ ಕಾಲದಲ್ಲಿ, 1246ರಲ್ಲಿ, ಬೊಮ್ಮಣ್ಣ ದಂಡನಾಯಕ ಕಟ್ಟಿಸಿದ ಈ ಗುಡಿಯ ಒಂದು ಬದಿಯಲ್ಲಿ ಮಲ್ಲಿತಮ್ಮನ ಸಹಿಗಳಿದ್ದರೆ ಇನ್ನೊಂದು ಬದಿಯಲ್ಲಿ ನಂದಿಯ ಬೈಚೋಜನ ಸಹಿಗಳಿವೆ. ಒಂದೇ ಗುಡಿಯನ್ನು ಇಬ್ಬರು ಹಂಚಿಕೊಂಡು, ಎದುರುಬದುರು ನಿಂತು ಪಂದ್ಯ ಕಟ್ಟಿದವರಂತೆ ಕೆಲಸ ಮಾಡಿದ್ದಾರೆ. ಇವನ ಕೈ ಯಾವುದು, ಅವನ ಕೈ ಯಾವುದು ಎಂದು ಇಂದಿಗೂ ಕಲಾ ವಿದ್ಯಾರ್ಥಿಗಳು ಹೋಲಿಸಿ ನೋಡುವಷ್ಟು ವ್ಯತ್ಯಾಸ ಅಲ್ಲಿದೆ.

ಅದೇ ತಾಲ್ಲೂಕಿನ ಶ್ರವಣಬೆಳಗೊಳದಲ್ಲಿ ಸುಮಾರು 58 ಅಡಿ ಎತ್ತರದ ಗೊಮ್ಮಟ ನಿಂತಿದ್ದಾನೆ. ಅವನ ಪಾದದ ಬಳಿಯ ಶಾಸನಗಳು ಮೂರ್ತಿಯನ್ನು ಚಾವುಂಡರಾಯ ಮಾಡಿಸಿದನೆಂದೂ ಸುತ್ತಾಲಯವನ್ನು ಗಂಗರಾಜ ಮಾಡಿಸಿದನೆಂದೂ ಹೇಳುತ್ತವೆ. ಮಾಡಿಸಿದವರ ಹೆಸರಿದೆ, ಮಾಡಿದವನ ಹೆಸರಿಲ್ಲ. ಹತ್ತನೆಯ ಶತಮಾನದ ಆ ಮಹಾಶಿಲ್ಪಿ ಹೆಸರಿಲ್ಲದೆ ಹೋದ. ಹನ್ನೆರಡು, ಹದಿಮೂರನೆಯ ಶತಮಾನಗಳಲ್ಲಿ ಅದೇ ಸೀಮೆಯ ಶಿಲ್ಪಿಗಳು ಸಹಿ ಹಾಕುವುದಷ್ಟೇ ಅಲ್ಲ, ಎದುರಾಳಿಗಳ ಸೊಕ್ಕು ಮುರಿಯುವವರು ತಾವೆಂಬ ಧಾಟಿಯ ಬಿರುದುಗಳನ್ನೂ ಕಲ್ಲಿನಲ್ಲಿ ಬರೆದುಕೊಂಡರು. ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜ ಮತ್ತು ಅವನ ಮಗ ಚಾವಣ ಇಬ್ಬರೂ ತಂತಮ್ಮ ಮದನಿಕೆಯರ ಕೆಳಗೆ ಹೆಸರು ಬರೆದಿದ್ದಾರೆ.

ಇವರೆಲ್ಲ ತಮ್ಮನ್ನು ಕರೆದುಕೊಂಡದ್ದು 'ರೂವಾರಿ' ಎಂದು. ರೂಪವನ್ನು ಮಾಡುವವನು ರೂವಾರಿ. ಇಂದು ಪತ್ರಿಕೆಗಳಲ್ಲಿ ಈ ಶಬ್ದ ಬೇರೊಂದು ಕೆಲಸಕ್ಕೆ ನಿಂತಿದೆ: ನೀರಾವರಿ ಯೋಜನೆಯ ರೂವಾರಿ, ಪಂದ್ಯದ ಗೆಲುವಿನ ರೂವಾರಿ, ಸಮ್ಮಿಶ್ರ ಸರ್ಕಾರದ ರೂವಾರಿ. ಉಳಿ ಹಿಡಿದವನ ಹೆಸರು ಯೋಜನೆ ಹಾಕುವವನಿಗೆ ಹೋಗಿದೆ. ಇದು ತೀರ ಅನ್ಯಾಯವೇನಲ್ಲ. ಹೊಯ್ಸಳರ ಗುಡಿಗಳ ಮುಂದೆ ನಿಂತಾಗ ಲೆಕ್ಕ ಹಾಕಿದವನು ಬೇರೆ, ಕೆತ್ತಿದವನು ಬೇರೆ ಎಂದು ವಿಂಗಡಿಸುವುದು ಕಷ್ಟ. ಸೋಮನಾಥಪುರದ ಗರ್ಭಗುಡಿಗಳ 16 ಮೂಲೆಯ ನಕ್ಷತ್ರಾಕಾರವನ್ನೇ ನೋಡಬಹುದು. ಒಂದು ಚೌಕವನ್ನು ನಡುವಿನ ಗೂಟದ ಸುತ್ತ ಸಮ ಅಂತರದಲ್ಲಿ ತಿರುಗಿಸುತ್ತ ನಾಲ್ಕು ಬಾರಿ ಗೆರೆ ಎಳೆದರೆ 16 ಮೂಲೆಗಳು ಸಿಗುತ್ತವೆ. ಅದಕ್ಕೆ ಬೇಕಾದದ್ದು ಹಗ್ಗ, ಗೂಟ, ಮತ್ತು ತಪ್ಪದ ಲೆಕ್ಕ. ಕನ್ನಡಿಯಂತೆ ಹೊಳೆಯುವ ಕಂಬಗಳು ಚರಕಿಯಲ್ಲಿ ತಿರುಗಿಸಿ ಕಡೆದವು. ಬಳಪದ ಕಲ್ಲು ಗಣಿಯಿಂದ ತೆಗೆದ ಹೊಸತರಲ್ಲಿ ಮೆತ್ತಗಿದ್ದು ಗಾಳಿಗೆ ಬಿದ್ದ ಮೇಲೆ ಗಟ್ಟಿಯಾಗುತ್ತದೆಂಬುದನ್ನು ತಿಳಿದು, ಆ ಅವಧಿಯೊಳಗೆ ನೂಲಿನಷ್ಟು ತೆಳುವಾದ ಕುಸುರಿ ಮುಗಿಸಿದವರು ಅವರು. ಇಂದಿನ ಮಾತಿನಲ್ಲಿ ಹೇಳುವುದಾದರೆ ಇದರಲ್ಲಿ ಅರ್ಧ ಎಂಜಿನಿಯರಿಂಗ್, ಅರ್ಧ ಕಲೆ. ಅಂದಿನವರಿಗೆ ಈ ಎರಡು ಅರ್ಧಗಳಿರಲಿಲ್ಲ.

ಒಂದು ಗೆರೆ ಎರಡಾದದ್ದು

ಈ ಎರಡು ಅರ್ಧಗಳು ಬೇರೆಯಾದದ್ದು ಹೆಚ್ಚು ಹಳೆಯ ಕಥೆಯಲ್ಲ. 1850ರಲ್ಲಿ ಮದ್ರಾಸಿನಲ್ಲಿ ಅಲೆಕ್ಸಾಂಡರ್ ಹಂಟರ್ ಎಂಬ ಶಸ್ತ್ರವೈದ್ಯ ಒಂದು ಕಲಾಶಾಲೆ ತೆರೆದ. ಮುಂದೆ ಅದನ್ನು ಸರ್ಕಾರ ವಹಿಸಿಕೊಂಡು ಕೈಗಾರಿಕಾ ಕಲೆಗಳ ಶಾಲೆಯಾಗಿ ನಡೆಸಿತು. 1857ರಲ್ಲಿ ಮುಂಬಯಿಯ ಜೆ.ಜೆ. ಕಲಾಶಾಲೆ ಬಂದಿತು. ಬಡಗಿ, ಕಮ್ಮಾರ, ಕುಂಬಾರರ ಮಕ್ಕಳಿಗೆ ಅಳತೆಯ ಚಿತ್ರ ಕಲಿಸಿ ಉಪಯುಕ್ತ ವಸ್ತು ತಯಾರಿಸುವವರನ್ನಾಗಿ ಮಾಡುವುದು ಮೊದಲ ಉದ್ದೇಶ. ಮೈಸೂರು ಸಂಸ್ಥಾನದಲ್ಲಿ ಚಾಮರಾಜೇಂದ್ರ ತಾಂತ್ರಿಕ ಶಾಲೆಯೂ ಕುಶಲಕಲೆ ಮತ್ತು ತಂತ್ರವನ್ನು ಒಂದೇ ಸೂರಿನಡಿ ಇಟ್ಟುಕೊಂಡಿತ್ತು. ಆದರೆ ಕಾಲ ಕಳೆದಂತೆ ದಾರಿ ಕವಲೊಡೆಯಿತು. ಲೋಕೋಪಯೋಗಿ ಇಲಾಖೆ, ರೈಲ್ವೆ, ಸರ್ವೆ ಇಲಾಖೆಗಳಿಗೆ ನಕ್ಷೆ ಬರೆಯುವವರು ಬೇಕಾದರು. ಅವರ ಗೆರೆಗೆ ಸಂಬಳ, ಬಡ್ತಿ, ಪಿಂಚಣಿ ಬಂದವು. ಚಿತ್ರ ಬರೆಯುವವನ ಗೆರೆಗೆ ಹೆಚ್ಚೆಂದರೆ ಡ್ರಾಯಿಂಗ್ ಮಾಸ್ತರರ ಹುದ್ದೆ.

ಹಾಸನ ಜಿಲ್ಲೆಯ ಪ್ರೌಢಶಾಲೆಗಳಲ್ಲಿ ಓದಿದವರಿಗೆ ಲೋಯರ್ ಗ್ರೇಡ್, ಹೈಯರ್ ಗ್ರೇಡ್ ಡ್ರಾಯಿಂಗ್ ಪರೀಕ್ಷೆಗಳು ನೆನಪಿರುತ್ತವೆ. ಒಂದು ಹೊತ್ತು ಕೈಬಿಡಿ ಚಿತ್ರ, ಮತ್ತೊಂದು ಹೊತ್ತು ಸ್ಕೇಲು, ಕೈವಾರ ಹಿಡಿದು ರೇಖಾಗಣಿತ. ಎರಡರಲ್ಲೂ ಒಳ್ಳೆಯ ಅಂಕ ತೆಗೆದ ಹುಡುಗನನ್ನು ಹೊಳೆನರಸೀಪುರದ ತಂದೆಯಾಗಲಿ ಅರಕಲಗೂಡಿನ ತಂದೆಯಾಗಲಿ ಕಳುಹಿಸಿದ್ದು ಕಲಾಶಾಲೆಗಲ್ಲ, ಪಾಲಿಟೆಕ್ನಿಕ್‌ಗೆ. 'ಚಿತ್ರ ಬರೆದರೆ ಹೊಟ್ಟೆ ತುಂಬುತ್ತದೆಯೇ' ಎಂಬ ಪ್ರಶ್ನೆಗೆ ಮನೆಯಲ್ಲಿ ಯಾರ ಬಳಿಯೂ ಉತ್ತರವಿರಲಿಲ್ಲ. ಹಾಸನ ಪಟ್ಟಣವಂತೂ ಬೇಗನೆ ತಾಂತ್ರಿಕ ಶಿಕ್ಷಣದ ಊರಾಯಿತು. ಇಲ್ಲಿ ಪಾಲಿಟೆಕ್ನಿಕ್ ಇತ್ತು, 1960ರಲ್ಲಿ ಮಲೆನಾಡು ಎಂಜಿನಿಯರಿಂಗ್ ಕಾಲೇಜು ಬಂತು, 1982ರಲ್ಲಿ ಉಪಗ್ರಹಗಳನ್ನು ನಿಯಂತ್ರಿಸುವ ಕೇಂದ್ರವೂ ಬಂತು. ಹಾಸನದ ಪಾಲಿಟೆಕ್ನಿಕ್‌ನಲ್ಲಿ ಸಿವಿಲ್ ಡಿಪ್ಲೊಮಾ ಪಡೆದು, ಗುತ್ತಿಗೆ ಕೆಲಸ ಮಾಡಿ, ಆಮೇಲೆ ಅದನ್ನು ಬಿಟ್ಟ ಹೊಳೆನರಸೀಪುರ ತಾಲ್ಲೂಕಿನ ಒಬ್ಬರು 1996ರಲ್ಲಿ ದೇಶದ ಪ್ರಧಾನಿಯಾದರು. ತಾಂತ್ರಿಕ ವೃತ್ತಿ ಬಿಟ್ಟು ರಾಜಕೀಯಕ್ಕೆ ಹೋಗುವುದನ್ನು ಜನ ಅರ್ಥಮಾಡಿಕೊಳ್ಳುತ್ತಾರೆ. ಉಳಿ ಹಿಡಿಯಲು ಹೋಗುವುದನ್ನು ಅಷ್ಟು ಸುಲಭವಾಗಿ ಅಲ್ಲ.

ಕಲಾವಿದನ ಬದುಕನ್ನೇ ವಸ್ತುವಾಗಿಸಿಕೊಂಡು ಕನ್ನಡದಲ್ಲಿ ಕಾದಂಬರಿ ಬರೆದ ಅ.ನ. ಕೃಷ್ಣರಾಯರ ಹೆಸರಿನ ಮೊದಲ ಅಕ್ಷರ ಅರಕಲಗೂಡಿನದು. ಅವರ 'ಉದಯರಾಗ'ದ ನಾಯಕ ಚಿತ್ರಕಾರ. ಕಾದಂಬರಿಯಲ್ಲಿ ಅಂಥವನನ್ನು ಮೆಚ್ಚಿಕೊಂಡ ಮನೆಗಳೇ ತಮ್ಮ ಮಗ ಹಾಗಾಗುವುದನ್ನು ಒಪ್ಪುತ್ತಿರಲಿಲ್ಲ ಎಂಬುದು ಬೇರೆ ಮಾತು.

ಆದರೂ ಕೆಲವರು ದಾಟಿ ಹೋದರು. ಕರ್ನಾಟಕದಲ್ಲಿ ನೆಲೆಸಿದ ಶಿಲ್ಪಿಗಳ ಪೈಕಿ ಇದಕ್ಕೆ ಸ್ಪಷ್ಟ ಉದಾಹರಣೆ ಬಾಲನ್ ನಂಬಿಯಾರ್.

ರೈಲ್ವೆ ನಕ್ಷೆಗಾರ

ಮೈಸೂರಿನಿಂದ ಹೊಳೆನರಸೀಪುರ, ಹಾಸನಗಳ ಮೂಲಕ ಅರಸೀಕೆರೆಗೆ ಹೋಗುವ ರೈಲು ಮಾರ್ಗ 1951ರಿಂದ ಅರ್ಧ ಶತಮಾನ ಕಾಲ ದಕ್ಷಿಣ ರೈಲ್ವೆಗೆ ಸೇರಿತ್ತು. (2003ರಲ್ಲಿ ಹುಬ್ಬಳ್ಳಿಯಲ್ಲಿ ನೈಋತ್ಯ ರೈಲ್ವೆ ಕೆಲಸ ಆರಂಭಿಸಿದ ಮೇಲೆ ಈ ಭಾಗ ಅದಕ್ಕೆ ಬಂತು. ಅರಕಲಗೂಡಿಗೆ ಮಾತ್ರ ರೈಲು ಬರಲೇ ಇಲ್ಲ.) ಅಂದಿನ ದಕ್ಷಿಣ ರೈಲ್ವೆಯ ನಕ್ಷೆ ಕಚೇರಿಗಳಲ್ಲಿ ಸೇತುವೆಗಳ, ಸ್ಟೇಷನ್ನುಗಳ, ಸಿಬ್ಬಂದಿ ವಸತಿಗಳ ನಕ್ಷೆ ಬರೆಯುತ್ತ ಕುಳಿತಿದ್ದ ನೂರಾರು ನಕ್ಷೆಗಾರರಲ್ಲಿ ನಂಬಿಯಾರ್ ಒಬ್ಬರು. ಹುಟ್ಟಿದ್ದು 1937ರಲ್ಲಿ, ಕಣ್ಣೂರು ಜಿಲ್ಲೆಯ ಕಣ್ಣಪುರದಲ್ಲಿ. ತುಳುನಾಡಿನ ಭೂತಾರಾಧನೆಗೆ ಸೋದರನಂತಿರುವ ತೆಯ್ಯಂ ಆಚರಣೆಯ ಸೀಮೆ ಅದು. ಹೆಂಚಿನ ಮನೆಯ ಅಂಗಳದಲ್ಲಿ ರಾತ್ರಿಯಿಡೀ ಪಂಜಿನ ಬೆಳಕು, ಮುಖದ ಮೇಲೆ ಅರದಳ ಕಾಡಿಗೆಗಳ ಬಣ್ಣ, ತಲೆಯ ಮೇಲೆ ಆಳೆತ್ತರದ ಮುಡಿ. ಇವನ್ನೆಲ್ಲ ಕಂಡು ಬೆಳೆದ ಕಣ್ಣು ಹಗಲಿನಲ್ಲಿ ಇಂಕು, ಟ್ರೇಸಿಂಗ್ ಬಟ್ಟೆ, ಟಿ-ಸ್ಕ್ವೇರುಗಳ ಮೇಲೆ ಬಾಗಿತ್ತು.

ನಕ್ಷೆಗಾರನ ಕೆಲಸವನ್ನು ಕೀಳಾಗಿ ಕಾಣುವವರಿಗೆ ಆ ಕೆಲಸ ತಿಳಿದಿರುವುದಿಲ್ಲ. ಒಂದು ಘನವಸ್ತುವನ್ನು ಮೇಲಿನಿಂದ, ಎದುರಿನಿಂದ, ಪಕ್ಕದಿಂದ ಮೂರು ಚಿತ್ರಗಳಾಗಿ ಒಡೆಯುವುದು, ಅದರ ಹೊಟ್ಟೆಯನ್ನು ಸೀಳಿದಂತೆ ಛೇದಚಿತ್ರ ಬರೆಯುವುದು, ಇಲ್ಲದ ವಸ್ತುವನ್ನು ಮನಸ್ಸಿನಲ್ಲಿ ತಿರುಗಿಸಿ ನೋಡುವುದು ಅವನ ನಿತ್ಯದ ಪಾಠ. ಡಿಪ್ಲೊಮಾ ವಿದ್ಯಾರ್ಥಿಗಳಿಗೆ ತಲೆನೋವಾಗುವ ಇನ್ನೊಂದು ಪಾಠವಿದೆ: ಕೊಳವೆ, ಶಂಕು, ಬಾಗಿದ ಮೈ ಇವುಗಳನ್ನು ಬಿಚ್ಚಿ ಹರಡಿದರೆ ಚಪ್ಪಟೆ ತಗಡಿನ ಮೇಲೆ ಯಾವ ಆಕಾರ ಬರುತ್ತದೆಂದು ಬರೆಯುವುದು. ಹೊಗೆಕೊಳವೆ ಮಾಡುವವನಿಗೂ ಬಾಯ್ಲರ್ ಮಾಡುವವನಿಗೂ ಅದು ಬೇಕು. ಉಕ್ಕಿನ ತಗಡಿನಲ್ಲಿ ಶಂಖ ಮಾಡಹೊರಟ ಶಿಲ್ಪಿಗೂ ಅದೇ ಬೇಕು.

ನಂಬಿಯಾರ್ ರೈಲ್ವೆ ನೌಕರಿಯಿಂದ ಹೊರಬಂದರು. 1971ರಲ್ಲಿ ಮದ್ರಾಸಿನ ಸರ್ಕಾರಿ ಕಲಾ ಮತ್ತು ಕುಶಲಕಲಾ ಕಾಲೇಜಿನಿಂದ, ಅಂದರೆ ಆ ಶಸ್ತ್ರವೈದ್ಯ ಹಂಟರ್ ಆರಂಭಿಸಿದ ಶಾಲೆಯಿಂದಲೇ, ಶಿಲ್ಪಕಲೆಯ ಡಿಪ್ಲೊಮಾ ಪಡೆದಾಗ ಅವರಿಗೆ ಮೂವತ್ತಮೂರು ವರ್ಷ ದಾಟಿತ್ತು. ಹಾಗೆಂದ ಮೇಲೆ ಅವರನ್ನು ಸ್ವಯಂಶಿಕ್ಷಿತರೆನ್ನಬಹುದೇ? ಪ್ರಮಾಣಪತ್ರ ನೋಡಿದರೆ ಇಲ್ಲ. ಆದರೆ ಅವರ ಕೃತಿಗಳ ಎರಡು ಮುಖ್ಯ ಆಧಾರಗಳು ಆ ಕಾಲೇಜಿನಲ್ಲಿ ಕಲಿತದ್ದರಿಂದಷ್ಟೇ ಬಂದವಲ್ಲ. ಒಂದು, ನಕ್ಷೆಯ ಮೇಜಿನಿಂದ ಬಂದ ಲೆಕ್ಕದ ಶಿಸ್ತು. ಇನ್ನೊಂದು, ಮಲಬಾರಿನಿಂದ ತುಳುನಾಡಿನವರೆಗೆ ದಶಕಗಳ ಕಾಲ ಅಲೆದು, ಕ್ಯಾಮರಾ ಹಿಡಿದು ತೆಯ್ಯಂ, ಭೂತ, ನಾಗಾರಾಧನೆಯಂಥ ಆಚರಣೆಗಳನ್ನು ದಾಖಲಿಸಿದ್ದು. ಸಂಶೋಧಕನೊಬ್ಬ ಮಾಡಬೇಕಾದ ಈ ಕೆಲಸವನ್ನು ಅವರು ಶಿಲ್ಪಿಯಾಗಿಯೇ ಮಾಡಿದರು. ಬೆಂಗಳೂರಿನಲ್ಲಿ ನೆಲೆಸಿ ಕಾಂಕ್ರೀಟು, ಕಂಚು, ಕೊನೆಗೆ ತುಕ್ಕುಹಿಡಿಯದ ಉಕ್ಕಿನಲ್ಲಿ ಮಾಡಿದ ಕೃತಿಗಳಲ್ಲಿ ಕಾಣುವುದು ಈ ಆಚರಣೆಗಳ ಆಕಾರಗಳೇ: ಮುಡಿ, ಬಲಮುರಿ ಶಂಖ, ದೇವಿಯ ಸ್ಥಾನದಲ್ಲಿಟ್ಟು ಪೂಜಿಸುವ ಕನ್ನಡಿ. ಕನ್ನಡಿಬಿಂಬ ಎಂದೇ ಕರೆದ ಒಂದು ಸರಣಿಯಲ್ಲಿ ಹೊಳಪು ಕೊಟ್ಟ ಲೋಹದಲ್ಲಿ ನೋಡುಗನ ಮುಖವೇ ಮೂಡುತ್ತದೆ. ಆದರೆ ಯಾವುದೂ ಹಳೆಯದರ ನಕಲಲ್ಲ. ಭಾವನೆ ತೆಯ್ಯಂ ಅಂಗಳದ್ದು, ಅಂಚು ಎಂಜಿನಿಯರನದು. 1982ರ ವೆನಿಸ್ ಬಿನಾಲೆಯಲ್ಲಿ ಅವರ ಕೃತಿಗಳು ಪ್ರದರ್ಶನಗೊಂಡವು.

ಇದಕ್ಕಿಂತ ಸೋಜಿಗದ್ದು ಅವರ ಎನಾಮಲ್ ಚಿತ್ರಗಳು. ನಮ್ಮಲ್ಲಿ ಎನಾಮಲ್ ಎಂದರೆ ಬಿಳಿ ತಟ್ಟೆ, ನೀಲಿ ಅಂಚಿನ ಲೋಟ, ರೈಲ್ವೆ ಸ್ಟೇಷನ್ನಿನ ನಾಮಫಲಕ. ಜೈಪುರದ ಮೀನಾಕಾರಿ ಒಡವೆಗಳಲ್ಲಿ ಅದು ಕಲೆಯಾಗಿದೆ, ಆದರೆ ಉಗುರಿನಗಲದ ಕಲೆ. ನಂಬಿಯಾರ್ ಅದನ್ನು ತಾಮ್ರದ ತಗಡಿನ ಮೇಲೆ ಚಿತ್ರವಾಗಿ ಹಿಗ್ಗಿಸಿದರು. ಗಾಜಿನ ನುಣ್ಣನೆ ಪುಡಿಯನ್ನು ತಾಮ್ರದ ಮೇಲೆ ಹರಡಿ ಸುಮಾರು 800 ಡಿಗ್ರಿ ಸೆಲ್ಸಿಯಸ್ ಶಾಖದ ಒಲೆಗೆ ಕೆಲವೇ ನಿಮಿಷ ಒಡ್ಡಬೇಕು. ಪುಡಿ ಕರಗಿ ಲೋಹಕ್ಕೆ ಅಂಟಿಕೊಳ್ಳುತ್ತದೆ. ಪುಡಿಯಾಗಿದ್ದಾಗಿನ ಬಣ್ಣ ಬೇರೆ, ಕೆಂಡದಂತೆ ಹೊರಬಂದಾಗಿನದು ಬೇರೆ, ಆರಿದ ಮೇಲಿನದು ಇನ್ನೂ ಬೇರೆ. ಒಂದರ ಮೇಲೊಂದು ಪದರ ಹಾಕುವಾಗಲೆಲ್ಲ ಮತ್ತೆ ಒಲೆಗೆ ಇಡಬೇಕು. ತಾಮ್ರ ಹಿಗ್ಗುವ ಪ್ರಮಾಣಕ್ಕೂ ಗಾಜು ಹಿಗ್ಗುವ ಪ್ರಮಾಣಕ್ಕೂ ಹೊಂದಿಕೆಯಾಗದಿದ್ದರೆ ಮೈ ಬಿರಿಯುತ್ತದೆ. ಅದಕ್ಕಾಗಿ ತಗಡಿನ ಹಿಂಬದಿಗೂ ಗಾಜು ಬಳಿಯುತ್ತಾರೆ. ಒಂದು ನಿಮಿಷ ಹೆಚ್ಚಾದರೆ ಹಿಂದಿನ ಹತ್ತು ದಿನಗಳ ಕೆಲಸ ಕರಗಿಹೋಗುತ್ತದೆ. ಕುಂಚ ಹಿಡಿದವನ ಧೈರ್ಯದ ಜತೆಗೆ ಕುಲುಮೆಯ ಮುಂದೆ ನಿಲ್ಲುವವನ ಲೆಕ್ಕವೂ ಬೇಕಾದ ಕೆಲಸ ಇದು. ಈ ವಿದ್ಯೆ ಅವರಿಗೆ ದೊರೆತದ್ದು ಕುಟುಂಬದಲ್ಲಿ: ಪತ್ನಿಯ ತಂದೆ, ಇಟಲಿಯ ಪಡೋವಾ ನಗರದ ಪಾವೊಲೊ ದೆ ಪೋಲಿ, ಎನಾಮಲ್ ಕಲೆಯಲ್ಲಿ ಯುರೋಪಿನಲ್ಲಿ ಹೆಸರಾಗಿದ್ದವರು. ಮಾವನಿಂದ ಅಳಿಯನಿಗೆ ಬಂದ ವಿದ್ಯೆ ಎನ್ನುವಾಗ ಕಣ್ಮುಂದೆ ಬರುವುದು ಕಲಾ ಕಾಲೇಜಿನ ತರಗತಿಯಲ್ಲ, ದಾಸೋಜ ಮತ್ತು ಚಾವಣರ ಕೆಲಸದ ಕೊಟ್ಟಿಗೆ.

ಕಾರ್ಖಾನೆಯ ಸೈರನ್ನು

ನಂಬಿಯಾರರದು ರೈಲ್ವೆಯಾದರೆ ಯೂಸುಫ್ ಅರಕ್ಕಲ್ ಅವರದು ವಿಮಾನ ಕಾರ್ಖಾನೆ. 1940ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಎಚ್‌ಎಎಲ್‌ನ ಬೆನ್ನಿಗೆ ಐಟಿಐ (1948), ಎಚ್‌ಎಂಟಿ (1953), ಬಿಇಎಲ್ (1954), ಬಿಇಎಂಎಲ್ (1964) ಬಂದವು. ಹಾಸನ, ತುಮಕೂರು, ಮಂಡ್ಯ ಸೀಮೆಯ ಡಿಪ್ಲೊಮಾ, ಐಟಿಐ ಓದಿದ ಹುಡುಗರಿಗೆ ಈ ಅಕ್ಷರಮಾಲೆಯೇ ಸ್ವರ್ಗ. ತಿಂಗಳ ಒಂದನೇ ತಾರೀಖು ಸಂಬಳ, ಕಾರ್ಖಾನೆಯ ಬಸ್ಸು, ರಿಯಾಯಿತಿ ದರದ ಕ್ಯಾಂಟೀನು, ಮನೆಯವರಿಗೆಲ್ಲ ಆಸ್ಪತ್ರೆ, ಮದುವೆಯ ಮಾರುಕಟ್ಟೆಯಲ್ಲಿ ಒಳ್ಳೆಯ ಬೆಲೆ. ಇದನ್ನು ಕೈಯಾರೆ ಬಿಟ್ಟವನನ್ನು ನೆರೆಹೊರೆಯವರು ಕನಿಕರದಿಂದ ನೋಡುತ್ತಿದ್ದ ಕಾಲ.

ಅರಕ್ಕಲ್ 1945ರಲ್ಲಿ ಕೇರಳದ ಚಾವಕ್ಕಾಡಿನಲ್ಲಿ ಹುಟ್ಟಿದವರು. ಚಿಕ್ಕಂದಿನಲ್ಲೇ ತಂದೆ ತಾಯಿಯರನ್ನು ಕಳೆದುಕೊಂಡು, ಹದಿಹರೆಯದಲ್ಲಿ ಮನೆ ಬಿಟ್ಟು ಬೆಂಗಳೂರಿಗೆ ಬಂದು, ಸಿಕ್ಕ ಕೆಲಸಗಳನ್ನೆಲ್ಲ ಮಾಡಿದರು. ಬಳಿಕ ಎಚ್‌ಎಎಲ್‌ನಲ್ಲಿ ನೌಕರಿ ದೊರೆಯಿತು. ಅಷ್ಟೆಲ್ಲ ಅಲೆದವನಿಗೆ ಇಂಥ ನೌಕರಿ ಎಂದರೆ ದಡ ಸೇರಿದಂತೆ. 1973ರಲ್ಲಿ ಕರ್ನಾಟಕ ಚಿತ್ರಕಲಾ ಪರಿಷತ್ತಿನಿಂದ ಚಿತ್ರಕಲೆಯ ಡಿಪ್ಲೊಮಾ ಪಡೆದರು. ಕೊನೆಗೆ ಆ ದಡವನ್ನೂ ಬಿಟ್ಟು ಪೂರ್ಣಾವಧಿ ಕಲಾವಿದರಾದರು. ಚಿತ್ರ, ಮುದ್ರಣ ಕಲೆ, ಭಿತ್ತಿಚಿತ್ರ, ಲೋಹಶಿಲ್ಪ ಯಾವುದನ್ನೂ ಬಿಟ್ಟವರಲ್ಲ. ಅವರ ಕ್ಯಾನ್ವಾಸಿನಲ್ಲಿ ಮತ್ತೆ ಮತ್ತೆ ಬರುವುದು ಕಂದು, ಬೂದು ಬಣ್ಣಗಳ ನಡುವೆ ಒಂಟಿಯಾಗಿ ಕುಳಿತ ಮನುಷ್ಯ. ಕೆಲವೊಮ್ಮೆ ಮುಖವೇ ಸ್ಪಷ್ಟವಿಲ್ಲ. ಖಾಲಿ ಕುರ್ಚಿ, ಚಕ್ರ, ಗಾಳಿಪಟ. ಮಹಾನಗರದ ಬೀದಿಯಲ್ಲಿ ಹಸಿದು ತಿರುಗಿದವನಿಗೆ ಮಾತ್ರ ತಿಳಿಯುವ ಒಂಟಿತನ ಅಲ್ಲಿದೆ ಎನ್ನುವುದು ಅತಿಶಯೋಕ್ತಿಯಲ್ಲ. 2005ರಲ್ಲಿ ಫ್ಲಾರೆನ್ಸ್ ಬಿನಾಲೆಯ ಚಿನ್ನದ ಪದಕ ಅವರಿಗೆ ಬಂತು. 2016ರ ಅಕ್ಟೋಬರಿನಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡರು.

ಇಬ್ಬರ ಬದುಕಿನಲ್ಲೂ ಒಂದು ಸಂಗತಿ ಸಮಾನ. ನೌಕರಿ ಬಿಟ್ಟದ್ದು ಕಲೆ ಗೊತ್ತಿಲ್ಲದೆ ಅಲ್ಲ. ನೌಕರಿ ಮಾಡುತ್ತಲೇ ರಾತ್ರಿ, ರಜೆಗಳಲ್ಲಿ ಕೈ ಪಳಗಿಸಿಕೊಂಡು ಹಣ್ಣಾದ ಮೇಲೆ ಕಳಚಿಕೊಂಡದ್ದು. ಈ ನಡುಗಾಲವೇ ಎಲ್ಲಕ್ಕಿಂತ ಕಠಿಣ. ಹಗಲು ಇನ್ನೊಬ್ಬರ ಅಳತೆಗೆ ಗೆರೆ ಎಳೆದ ಕೈ ಸಂಜೆ ತನ್ನ ಅಳತೆಗೆ ಎಳೆಯಬೇಕು. ಬಹುಪಾಲು ಜನ ಇಲ್ಲೇ ನಿಂತುಬಿಡುತ್ತಾರೆ. ಹೊಳೆನರಸೀಪುರದಲ್ಲೋ ಚನ್ನರಾಯಪಟ್ಟಣದಲ್ಲೋ ನಿವೃತ್ತ ಓವರ್‌ಸೀಯರ್ ಒಬ್ಬರ ಮನೆಯ ಪಡಸಾಲೆಯಲ್ಲಿ ಚೌಕಟ್ಟು ಹಾಕಿದ ಒಂದು ನಿಸರ್ಗ ಚಿತ್ರ ತೂಗಾಡುತ್ತಿದ್ದರೆ, ಅದರ ಮೂಲೆಯ ಸಹಿ ಅವರದೇ ಆಗಿದ್ದರೆ, ಅದು ಈ ನಡುಗಾಲದ ಗುರುತು.

ಊರಲ್ಲೇ ಉಳಿದು ಕಲಿಯಬಯಸಿದವರಿಗೆ ಒಂದು ಕಾಲಕ್ಕೆ ಅಂಚೆಯೇ ಗುರು. 'ಚಂದಮಾಮ'ದ ಮುಖಪುಟಗಳಿಂದ ಮನೆಮಾತಾದ ಎಂ.ಟಿ.ವಿ. ಆಚಾರ್ಯರು ಬೆಂಗಳೂರಿನಿಂದ ಅಂಚೆಯ ಮೂಲಕ ಚಿತ್ರಕಲೆಯ ಪಾಠ ನಡೆಸಿದರು. ಬರೆದ ಚಿತ್ರವನ್ನು ಕಳುಹಿಸಿದರೆ ತಿದ್ದಿ ಹಿಂದಿರುಗಿಸುವ ಕ್ರಮ. ಅವರೂ ತಮ್ಮ ವೃತ್ತಿಜೀವನದ ಆರಂಭದಲ್ಲಿ ಎಚ್‌ಎಎಲ್‌ನಲ್ಲಿದ್ದವರು.

ಗುರುವಿಲ್ಲದವನು

ಪೂರ್ತಿ ಗುರುವಿಲ್ಲದೆ, ಶಾಲೆಯಿಲ್ಲದೆ ಶಿಲ್ಪಿಯಾದ ತಾಂತ್ರಿಕ ನೌಕರನನ್ನು ನೋಡಬೇಕೆಂದರೆ ಕರ್ನಾಟಕದಾಚೆ ಚಂಡೀಗಢಕ್ಕೆ ಹೋಗಬೇಕು. ಈಗಿನ ಪಾಕಿಸ್ತಾನಕ್ಕೆ ಸೇರಿದ ಹಳ್ಳಿಯೊಂದರಲ್ಲಿ 1924ರಲ್ಲಿ ಹುಟ್ಟಿ, ದೇಶವಿಭಜನೆಯಲ್ಲಿ ನೆಲೆ ಕಳೆದುಕೊಂಡ ನೇಕ್ ಚಂದ್ ಅಲ್ಲಿ ಲೋಕೋಪಯೋಗಿ ಇಲಾಖೆಯ ರಸ್ತೆ ಇನ್‌ಸ್ಪೆಕ್ಟರ್. ಹೊಸ ರಾಜಧಾನಿಗಾಗಿ ಹಳ್ಳಿಗಳನ್ನು ಕೆಡವುತ್ತಿದ್ದರು. ಒಡೆದ ಪಿಂಗಾಣಿ, ಬಳೆಚೂರು, ಹೆಂಚು, ವಿದ್ಯುತ್ ಫಿಟ್ಟಿಂಗುಗಳನ್ನು ಅವರು ಸೈಕಲ್ಲಿನಲ್ಲಿ ಹೊತ್ತು, ಕಟ್ಟಡ ನಿಷೇಧಿಸಿದ್ದ ಅರಣ್ಯದ ಕಮರಿಯಲ್ಲಿ 1950ರ ದಶಕದ ಕೊನೆಯಿಂದ ಕದ್ದುಮುಚ್ಚಿ ಗೊಂಬೆಗಳ ಒಂದು ಲೋಕವನ್ನೇ ಕಟ್ಟಿದರು. ಹಗಲು ಸರ್ಕಾರಿ ರಸ್ತೆ, ರಾತ್ರಿ ಸ್ವಂತ ರಾಜ್ಯ. 1970ರ ದಶಕದಲ್ಲಿ ಅಧಿಕಾರಿಗಳ ಕಣ್ಣಿಗೆ ಬಿದ್ದಾಗ ಅದು ಹತ್ತು ಎಕರೆಗೂ ಮೀರಿ ಹಬ್ಬಿತ್ತು. ಕಾನೂನಿನ ಪ್ರಕಾರ ಕೆಡವಬೇಕಾಗಿತ್ತು. ಜನ ಅಡ್ಡ ಬಂದರು. 1976ರಲ್ಲಿ ಅದು ರಾಕ್ ಗಾರ್ಡನ್ ಎಂಬ ಹೆಸರಿನಲ್ಲಿ ಸಾರ್ವಜನಿಕರಿಗೆ ತೆರೆಯಿತು. ಆಡಳಿತ ಅವರಿಗೆ ಸಂಬಳ, 50 ಮಂದಿ ಕೂಲಿಯಾಳುಗಳ ಜತೆಗೆ ಒಂದು ಹುದ್ದೆಯನ್ನೂ ಕೊಟ್ಟಿತು: 'ಸಬ್ ಡಿವಿಷನಲ್ ಎಂಜಿನಿಯರ್, ರಾಕ್ ಗಾರ್ಡನ್'. ಶಿಲ್ಪಿ ಎಂಬ ಹುದ್ದೆ ಸರ್ಕಾರಿ ಪಟ್ಟಿಯಲ್ಲಿ ಇಲ್ಲದಿದ್ದರೆ ಇನ್ನೇನು ಮಾಡಿಯಾರು? 1984ರಲ್ಲಿ ಪದ್ಮಶ್ರೀ ಬಂತು. 2015ರಲ್ಲಿ ಅವರು ನಿಧನರಾದರು. ಆ ನಗರದ ನಕ್ಷೆ ಹಾಕಿದ ಕಾರ್ಬೂಸಿಯೆ ಕೂಡ ವಾಸ್ತುಶಿಲ್ಪದಲ್ಲಿ ಪದವಿ ಪಡೆದವನಲ್ಲ, ಗಡಿಯಾರದ ಕವಚಗಳ ಮೇಲೆ ಕೆತ್ತನೆ ಕಲಿತವನು ಎಂಬುದು ಈ ಕಥೆಗೆ ಸೇರಿಸಬೇಕಾದ ಒಂದು ಅಡಿಟಿಪ್ಪಣಿ.

ನೇಕ್ ಚಂದರ ಗೊಂಬೆಗಳನ್ನೂ ನಂಬಿಯಾರರ ಶಂಖಗಳನ್ನೂ ಪಕ್ಕಪಕ್ಕ ಇಟ್ಟರೆ ಸಾಮ್ಯವೇ ಇಲ್ಲ. ಒಂದು ಒರಟು, ಮುಗ್ಧ; ಇನ್ನೊಂದು ನಯ, ಲೆಕ್ಕಬದ್ಧ. ಆದರೆ ಸಿಮೆಂಟ್ ಎಷ್ಟು ಹೊತ್ತಿಗೆ ಬಿಗಿಯುತ್ತದೆ, ಮಳೆನೀರು ಎತ್ತ ಹರಿಯುತ್ತದೆ, ಕಮರಿಯ ದಂಡೆ ಎಷ್ಟು ಭಾರ ತಾಳುತ್ತದೆ ಎಂಬ ರಸ್ತೆ ಇನ್‌ಸ್ಪೆಕ್ಟರನ ತಿಳಿವಳಿಕೆ ಇಲ್ಲದಿದ್ದರೆ ಆ ಗೊಂಬೆಗಳು ಒಂದು ಮಳೆಗಾಲ ಕಳೆಯುತ್ತಿರಲಿಲ್ಲ. ಅಮೆರಿಕದ ಅಲೆಕ್ಸಾಂಡರ್ ಕಾಲ್ಡರ್ 1919ರಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಪದವಿ ಪಡೆದು, ಕೆಲವು ವರ್ಷ ಅದೇ ಕೆಲಸ ಮಾಡಿ, ಆಮೇಲೆ ಕಲೆಗೆ ಬಂದವನು. ಗಾಳಿಗೆ ತೂಗುವ ಅವನ 'ಮೊಬೈಲ್' ಶಿಲ್ಪಗಳು ತಕ್ಕಡಿಯ ಲೆಕ್ಕ ತಿಳಿಯದವನಿಂದ ಆಗುವಂಥವಲ್ಲ. ಸ್ವಯಂಶಿಕ್ಷಿತ ಎಂಬ ಮಾತನ್ನು ಸ್ವಲ್ಪ ಎಚ್ಚರಿಕೆಯಿಂದ ಬಳಸಬೇಕಾದದ್ದು ಇದಕ್ಕೇ. ಇವರು ಕಲಾಶಾಲೆಯ ಪಾಠ ಕಲಿಯದಿರಬಹುದು ಅಥವಾ ತಡವಾಗಿ ಕಲಿತಿರಬಹುದು. ಕೈಗೆ ಪಾಠ ಮೊದಲೇ ಆಗಿತ್ತು. ಅದನ್ನು ಕಲಿಸಿದ ಕಚೇರಿಗೆ ತಾನು ಶಿಲ್ಪಿಯೊಬ್ಬನನ್ನು ತಯಾರಿಸುತ್ತಿದ್ದೇನೆಂಬ ಅರಿವಿರಲಿಲ್ಲ, ಅಷ್ಟೆ.

ಕನ್ನಡ ನಾಡಿನ ಜನಮನ ಶಿಲ್ಪಿಯನ್ನು ಕಲ್ಪಿಸಿಕೊಂಡದ್ದೂ ಮನೆ ಬಿಟ್ಟು ಹೋದವನಾಗಿಯೇ. ತುಮಕೂರು ಬಳಿಯ ಕೈದಾಳದ ಜಕಣಾಚಾರಿ ಹೆಂಡತಿಯನ್ನೂ ಹುಟ್ಟಲಿರುವ ಮಗುವನ್ನೂ ಬಿಟ್ಟು ಗುಡಿಗಳನ್ನು ಕಟ್ಟುತ್ತ ಹೊರಟ. ಬೇಲೂರಿನಲ್ಲಿ ಹುಡುಗನೊಬ್ಬ ಅವನ ವಿಗ್ರಹದ ಕಲ್ಲಿನಲ್ಲಿ ಕಪ್ಪೆಯನ್ನು ತೋರಿಸಿದ. ಸೋತ ಅಪ್ಪ ಬಲಗೈ ಕತ್ತರಿಸಿಕೊಂಡ. ಹುಡುಗ ತನ್ನ ಮಗ ಡಂಕಣನೆಂದು ಆಮೇಲೆ ತಿಳಿಯಿತು. ಬೇಲೂರಿನಲ್ಲಿ ಅಷ್ಟೊಂದು ಸಹಿಗಳಿದ್ದರೂ ಜಕಣಾಚಾರಿಯ ಸಹಿ ಎಲ್ಲೂ ಇಲ್ಲ ಎಂದು ವಿದ್ವಾಂಸರು ತೋರಿಸಿಕೊಟ್ಟು ಬಹುಕಾಲವಾಗಿದೆ. ಆದರೂ ಕಥೆ ಉಳಿದಿದೆ. ಕಲೆಯ ಹಿಂದೆ ಹೋದವನ ಮನೆಯವರು ತೆರುವ ಬೆಲೆಯನ್ನು ಅದು ಮರೆಮಾಚದೆ ಹೇಳುತ್ತದೆ ಎಂಬುದು ಒಂದು ಕಾರಣವಿರಬಹುದು. ನೌಕರಿ ಬಿಟ್ಟ ಕಲಾವಿದರ ಬಗ್ಗೆ ಬರೆಯುವ ಲೇಖನಗಳಲ್ಲಿ ರೇಷನ್ ಅಂಗಡಿಯ ಸಾಲಿನಲ್ಲಿ ನಿಂತ ಹೆಂಡತಿಯ ಪ್ರಸ್ತಾಪ ಬರುವುದು ಕಡಿಮೆ.

ರೂವಾರಿಗಳಿಗೆ ಬೊಮ್ಮಣ್ಣ ದಂಡನಾಯಕನಂಥವರು ಇದ್ದರು. ಮಲ್ಲಿತಮ್ಮನ ಹೆಸರು 1196ರ ಅಮೃತಾಪುರದಿಂದ ಹಾರನಹಳ್ಳಿ, ಜಾವಗಲ್, ನುಗ್ಗೇಹಳ್ಳಿಗಳ ಮೂಲಕ ಸೋಮನಾಥಪುರದವರೆಗೆ ಸಿಗುತ್ತದೆ. ಇವನೆಲ್ಲ ಒಬ್ಬನೇ ಆಗಿದ್ದರೆ ಅರವತ್ತು ವರ್ಷಕ್ಕೂ ಮಿಕ್ಕಿದ ದುಡಿಮೆ. ಒಂದು ಗುಡಿ ಮುಗಿಯುವ ಹೊತ್ತಿಗೆ ಇನ್ನೊಂದು ಗುಡಿಯ ಕರೆ ಬರುತ್ತಿತ್ತೆಂದಾಯಿತು. ಅರಕ್ಕಲ್, ನಂಬಿಯಾರರ ಕಾಲದಲ್ಲಿ ಆ ಜಾಗಕ್ಕೆ ಗ್ಯಾಲರಿ, ಅಕಾಡೆಮಿ, ಹೋಟೆಲು, ಕಂಪನಿಗಳ ಆವರಣ ಬಂದಿವೆ. ಕರೆ ಬಂದಾಗ ಉಂಟು, ಇಲ್ಲದಿದ್ದರೆ ಇಲ್ಲ.

2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳ ದೇವಾಲಯಗಳು ಯುನೆಸ್ಕೊದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ನುಗ್ಗೇಹಳ್ಳಿ ಆ ಪಟ್ಟಿಯಲ್ಲಿಲ್ಲ. ಅಲ್ಲಿಗೆ ಬರುವ ಪ್ರವಾಸಿ ಬಸ್ಸುಗಳೂ ಕಡಿಮೆ. ಮಲ್ಲಿತಮ್ಮನಂತೂ ಎಲ್ಲ ಕಡೆ ಪೂರ್ತಿ ಹೆಸರು ಬರೆದವನಲ್ಲ. ಕೆಲಸ ಹೆಚ್ಚಿ ಬೇಸರವಾಯಿತೋ, ಜಾಗ ಸಾಲಲಿಲ್ಲವೋ, ಕೆಲವೆಡೆ 'ಮಲ್ಲಿ' ಎಂದಷ್ಟೇ ಇದೆ, ಕೆಲವೆಡೆ ಬರಿಯ 'ಮ'. ರೈಲ್ವೆ ನಕ್ಷೆಗಳ ಕೆಳಗಿನ ಬಲಮೂಲೆಯಲ್ಲೂ ಒಂದು ಚಿಕ್ಕ ಚೌಕವಿರುತ್ತದೆ. ಬರೆದವರು, ಟ್ರೇಸ್ ಮಾಡಿದವರು, ತಾಳೆ ನೋಡಿದವರು ಎಂಬ ಮೂರು ಸಾಲು. ನಕ್ಷೆಗಾರ ಅಲ್ಲಿ ಹೆಸರು ಬರೆಯುವುದಿಲ್ಲ. ಒಂದೆರಡು ಮೊದಲಕ್ಷರ ಹಾಕಿ ಮುಂದಿನ ಹಾಳೆ ತೆಗೆದುಕೊಳ್ಳುತ್ತಾನೆ.